ಕಾದರೆ ನಿಲ್ಲುವ ಕಾರು

ಈ ಕಾರು ನಮ್ಮ ಮನೆಯಲ್ಲೇ ನಿಲ್ಲಬೇಕು, ನಿಲ್ಲಿಸಿಯೇ ತೀರುತ್ತೇನೆ ಎಂದು ನಾನು ಊಟದ ತಟ್ಟೆಯೆದುರು ಭೀಷಣ ಶಪಥ ಮಾಡಿದಾಗ, ನಮ್ಮ ಯಜಮಾನರಾದ ಬಸವಪ್ರಸಾದರು ರೊಟ್ಟಿ ಮುರಿಯುತ್ತ ಒಂದೇ ಮಾತು ಕೇಳಿದರು.

"ಯಾವ ಬ್ರೇಕ್ ಹಾಕಿ ನಿಲ್ಲಸ್ತಿ?"

ಪ್ರಶ್ನೆ ನ್ಯಾಯವಾದದ್ದೇ. ನಮ್ಮದು ಕೆಂಪು ಬಣ್ಣದ, ಎರಡೇ ಬಾಗಿಲಿನ, ನೆಲಕ್ಕೆ ಹೊಟ್ಟೆ ತಾಗಿಸುವಷ್ಟು ಕುಳ್ಳಾದ ಹಳೆಯ ಸ್ಪೋರ್ಟ್ಸ್ ಕಾರು. ಹೈದರಾಬಾದಿನ ಡಾಕ್ಟರೊಬ್ಬರು ತಮ್ಮ ಸೊಂಟನೋವಿಗೆ ಇದೇ ಕಾರಣವೆಂದು ಕಂಡುಹಿಡಿದು ಮಾರಿದ್ದನ್ನು ನಾನು ಹಟ ಹಿಡಿದು ತರಿಸಿದ್ದೆ. ಹತ್ತುವುದಕ್ಕೆ ಯೋಗಾಸನ ಬರಬೇಕು, ಇಳಿಯುವುದಕ್ಕೆ ದೇವರ ಕೃಪೆ ಬೇಕು. ಅದರೊಳಗೆ ಕೂತವರು ಯಾರೆಂದು ನೋಡಲು ರಾಯಚೂರಿನ ಮಂದಿ ಸೊಂಟ ಬಗ್ಗಿಸುತ್ತಾರೆ. ನಾನು ಅದನ್ನು ನಮಸ್ಕಾರವೆಂದೇ ಸ್ವೀಕರಿಸುತ್ತೇನೆ!

ಇಂಥ ಕಾರಿಗೆ ಬ್ರೇಕ್ ಒತ್ತಿದರೆ ಕಬ್ಬಿಣ ಕಿರುಚುವ ಸದ್ದು ಶುರುವಾಗಿತ್ತು. ಗ್ಯಾರೇಜಿನ ವಲಿ ಪಾಷಾ ಚಕ್ರ ಬಿಚ್ಚಿ, ಡಿಸ್ಕನ್ನು ಎರಡೂ ಕಡೆಯಿಂದ ಹಿಡಿದು ನಿಲ್ಲಿಸಬೇಕಾದ ಪ್ಯಾಡುಗಳು ಸವೆದು ಹಪ್ಪಳವಾಗಿರುವುದನ್ನು ತೋರಿಸಿದ. ಸಮಯ ನೋಡಿಕೊಂಡವನ ಹಾಗೆ ಅದೇ ವಾರ ದೇವದುರ್ಗದಿಂದ ಕೊಟ್ರೇಶ ಫೋನ್ ಮಾಡಿದ. ಅವನು ನಮ್ಮ ಭಾವನವರ ಮಗ, ಬಟ್ಟೆ ಅಂಗಡಿ ಇಟ್ಟಿದ್ದಾನೆ, ನನ್ನ ಕಾರಿನ ಮೇಲೆ ಮೊದಲಿನಿಂದಲೂ ಕಣ್ಣು. ಕೊಡುವುದಾದರೆ ತನಗೇ ಕೊಡಿ ಎಂದ. ಯಜಮಾನರಿಗೂ ಅದನ್ನು ಸಾಗಹಾಕಿ, ಮನೆಮಂದಿಯೆಲ್ಲ ಕಾಲು ಚಾಚಿ ಕೂರುವ ದೊಡ್ಡ ಗಾಡಿ ತರುವ ಆಸೆ. ಕಾರು ನನ್ನದು, ಬಾರು ಅವರ ಕೈಯಲ್ಲಿ. ಸಂಸಾರದ ಕಾರುಬಾರು ಅಂದರೆ ಇದೇ!

ಮೂರು ಊಟಗಳ ವಾಗ್ವಾದದ ನಂತರ ಒಪ್ಪಂದವಾಯಿತು. ಮಾನ್ವಿಯಲ್ಲಿ ನಾದಿನಿ ಸುನಂದಾಳ ಬಸುರಿ ಮಗಳಿಗೆ ಕುಬಸ, ಅಂದರೆ ಸೀಮಂತ, ಇತ್ತು. ಕೊಟ್ರೇಶನೂ ಬರುವವನಿದ್ದ.

"ಪ್ಯಾಡ್ ನೀನ ಆರಸು, ಗಾಡಿ ನೀನ ಹೊಡಿ. ಸುನಂದಾನ ಮನಿ ಬಾಗಲ ಮುಂದ ಸರಿಯಾಗಿ ನಿಂತರ ಗಾಡಿ ನಮ್ಮಲ್ಲೇ. ನಿಲ್ಲಲಿಲ್ಲಂದ್ರ ಅಲ್ಲೇ ಕೊಟ್ರೇಶನ ಕೈಯಾಗ ಕೀಲಿ ಇಡೂದು," ಎಂದರು ಯಜಮಾನರು.

"ಆಗಲಿರಿ. ನಾ ಕಾನ್ವೆಂಟಿನ್ಯಾಗ ಓದೀನಿ," ಎಂದೆ.

ಕಾನ್ವೆಂಟಿಗೂ ಬ್ರೇಕಿಗೂ ಏನು ಸಂಬಂಧವೆಂದು ಕೇಳಬೇಡಿ. ನಮ್ಮ ಕಾನ್ವೆಂಟಿನಲ್ಲಿ ಪ್ಯಾಡ್ ಅಂದರೆ ಪರೀಕ್ಷೆಗೆ ಒಯ್ಯುವ ರಟ್ಟು. ಆದರೆ ಇಂಟರ್ನೆಟ್ಟಿನಲ್ಲಿ ಬ್ರೇಕ್ ಪ್ಯಾಡಿನ ಪುರಾಣವೆಲ್ಲ ಇಂಗ್ಲಿಷಿನಲ್ಲಿದೆ, ಆ ಭಾಷೆಯನ್ನು ಸಿಸ್ಟರುಗಳು ಸ್ಕೇಲಿನ ಸಹಾಯದಿಂದ ನನ್ನ ಬೆರಳ ಗೆಣ್ಣುಗಳೊಳಗೆ ಇಳಿಸಿದ್ದರು. ಓದಿದೆ. ಒಲೆಯ ಮೇಲಿನ ಸಾರು ಬತ್ತಿ ಪಲ್ಯವಾಗುವವರೆಗೆ ಓದಿದೆ. ಬ್ರೇಕಿನ ವಿಷಯದಲ್ಲಿ ಬ್ರೇಕೇ ಇಲ್ಲದೆ ಓದಿದೆ!

ವಲಿ ಪಾಷಾ ಹೈದರಾಬಾದಿನಿಂದ ಮೂರು ತರಹದ ಪ್ಯಾಡು ತರಿಸಿ, ನಮ್ಮ ಅಂಗಳಕ್ಕೇ ಬಂದು ಬಾನೆಟ್ಟಿನ ಮೇಲೆ ಕನ್ಯಾಪರೀಕ್ಷೆಗೆಂಬಂತೆ ಸಾಲಾಗಿ ಇಟ್ಟ. ಮೊದಲನೆಯದು ಮೆತ್ತಗಿನದು, ಸದ್ದಿಲ್ಲ, ಬೇಗ ಸವೆಯುತ್ತದೆ. ನನ್ನ ಹಾಗಲ್ಲ, ಬೇಡವೆಂದೆ. ಎರಡನೆಯದು ಸಿರಾಮಿಕ್. ಧೂಳು ಕಡಿಮೆ, ಬಾಳಿಕೆ ಹೆಚ್ಚು, ಊರಲ್ಲಿ ಓಡಾಡುವ ಗಾಡಿಗೆ ಇದೇ ಒಳ್ಳೆಯದೆಂದು ಇಂಟರ್ನೆಟ್ಟಿನ ಬಹುಮತ. ನನ್ನ ಕೈ ಅತ್ತ ಚಾಚಿತು ಕೂಡ. ಕಟ್ಟೆಯ ಮೇಲೆ ಮೆಂತ್ಯ ಬಿಡಿಸುತ್ತಿದ್ದ ನಮ್ಮ ಅತ್ತೆ ನೀಲಗಂಗಮ್ಮನವರು ತಲೆ ಎತ್ತಿದರು.

"ಸಿರಾಮಿಕ್ ಅಂದ್ರ ನಮ್ಮ ಬಚ್ಚಲಕ್ಕ ಹಾಕಿಸಿದ್ದಲ್ಲೇನು? ಅದರ ಮ್ಯಾಲೆ ನಾ ಜಾರಿ ಬಿದ್ದೀನಿ. ಬ್ರೇಕಿಗೆ ಬ್ಯಾಡ ಯವ್ವಾ."

ಅನುಭವದ ಮಾತು! ಚಾಚಿದ ಕೈ ಹಿಂದೆ ಸರಿಯಿತು. ಉಳಿದದ್ದು ಮೂರನೆಯದು, ರೇಸ್ ಓಡಿಸುವವರ ಪ್ಯಾಡು. ಡಬ್ಬಿಯ ಮೇಲಿನ ಇಂಗ್ಲಿಷನ್ನು ನಾನು ಗಟ್ಟಿಯಾಗಿ ಓದಿ ಅರ್ಥ ಹೇಳಿದೆ: ಇದು ಕಾದರೆ ಮಾತ್ರ ಹಿಡಿಯುತ್ತದೆ.

"ಗರಂ ಆಗಬೇಕಂತೇನ್ರಿ ಮೇಡಂ?" ವಲಿ ಪಾಷಾ ಆಕಾಶ ನೋಡಿದ. "ನಮ್ಮ ರಾಯಚೂರಾಗ ಅದೊಂದಕ್ಕ ಕಮ್ಮಿ ಇಲ್ಲ ನೋಡ್ರಿ."

ಹೌದಲ್ಲ! ಇದೇ ಬಾನೆಟ್ಟಿನ ಮೇಲೆ ಅತ್ತೆ ಸಂಡಿಗೆ ಒಣಗಿಸುತ್ತಾರೆ. ಇಲ್ಲಿ ನೆರಳಲ್ಲಿ ನಿಲ್ಲಿಸಿದ ಸ್ಕೂಟರಿನ ಸೀಟೂ ಕೂತವರನ್ನು ಎಬ್ಬಿಸುತ್ತದೆ. ಯಾವುದೋ ಪರದೇಶದ ಇಂಜಿನಿಯರ್ ಭೂಪಟದಲ್ಲಿ ರಾಯಚೂರಿನ ಮೇಲೆ ಬೆರಳಿಟ್ಟುಕೊಂಡೇ ಈ ಪ್ಯಾಡು ಮಾಡಿರಬೇಕು. ಹಾಕಿಬಿಡು ಎಂದೆ. ವಲಿ ಪಾಷಾ ನನಗಿಂತ ಹೆಚ್ಚು ಉತ್ಸಾಹದಿಂದ ಹಾಕಿದ.

ಮಧ್ಯಾಹ್ನವೇ ಪರೀಕ್ಷೆ. ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು ತೀನ್ ಕಂದೀಲ್ ಸರ್ಕಲ್ಲಿನ ಕಡೆ ನುಗ್ಗಿದೆ. ಅಲ್ಲಿ ಗೇಣಿಗೊಂದು ಆಟೊ, ಮಾರಿಗೊಂದು ಎಮ್ಮೆ, ನಡುವೆ ಬಾಳೆಹಣ್ಣಿನ ಬಂಡಿ. ಒತ್ತಿದೆ, ಬಿಟ್ಟೆ, ಒತ್ತಿದೆ. ಪ್ರತಿ ಸಲವೂ ಕಾರು ಗೋಡೆಗೆ ಹೊಡೆದ ಮೊಳೆಯ ಹಾಗೆ ನಿಂತಿತು! ಒಮ್ಮೆಯಂತೂ ಯಜಮಾನರ ಚಾಳೀಸು ಅವರ ಮೂಗು ಬಿಟ್ಟು ಮುಂದೆ ಹೋಯಿತು. ಅವರು ಅದನ್ನು ಹೆಕ್ಕಿಕೊಂಡು ಮನೆ ಮುಟ್ಟುವವರೆಗೆ ಮಾತಾಡಲಿಲ್ಲ. ಇಷ್ಟು ವರ್ಷದ ದಾಂಪತ್ಯದಲ್ಲಿ ಅವರ ಬಾಯಿಗೂ ಹಿಡಿದ ಮೊದಲ ಬ್ರೇಕು ಅದು.

ಕುಬಸದ ದಿನ ಬಂತು. ಡಿಸೆಂಬರಿನ ನಸುಕು, ನಮ್ಮೂರಿನವರೂ ಕಿವಿಗೆ ಮಫ್ಲರ್ ಸುತ್ತಿಕೊಳ್ಳುವಂಥ ಚಳಿ. ಅತ್ತೆ ಮುಂದಿನ ಸೀಟಿನಲ್ಲಿ, ಅವರ ಹೋಳಿಗೆಯ ಬುಟ್ಟಿ ನಮ್ಮಿಬ್ಬರ ನಡುವೆ. ಹಿಂದೆ, ಮಕ್ಕಳಿಗೂ ಸಾಲದ ಜಾಗದಲ್ಲಿ, ಯಜಮಾನರು ಮೊಣಕಾಲನ್ನು ಕಿವಿಗೆ ತಾಗಿಸಿಕೊಂಡು ಮಡಿಚಿ ಕೂತಿದ್ದರು. ಮಾನ್ವಿಯ ರಸ್ತೆ ಖಾಲಿ. ಗಾಳಿ ಕೊರೆಯುತ್ತಿತ್ತು, ಕಾರು ಹಾರುತ್ತಿತ್ತು. ಬ್ರೇಕ್ ಮುಟ್ಟುವ ಪ್ರಸಂಗವೇ ಬರಲಿಲ್ಲ. ಅದನ್ನೂ ನನ್ನ ಚಾಲನಾ ಕೌಶಲವೆಂದೇ ಜಂಬಪಟ್ಟೆ.

ಮಾನ್ವಿ ಬಂತು. ಸುನಂದಾಳ ಮನೆ ಕಂಡಿತು. ಬಾಗಿಲಲ್ಲಿ ಆರತಿ ತಟ್ಟೆ ಹಿಡಿದ ಹೆಂಗಸರು, ಮುಂದೆ ಹೊಸ ಅಂಗಿ ತೊಟ್ಟ ಕೊಟ್ರೇಶ. ಮಹಾರಾಣಿಯ ಗತ್ತಿನಲ್ಲಿ ಬ್ರೇಕ್ ಒತ್ತಿದೆ.

ಕಾರು ಅದನ್ನು ಗಮನಿಸಲಿಲ್ಲ.

ಎರಡೂ ಕಾಲಿನಿಂದ ಒತ್ತಿದೆ. ಆರತಿ ತಟ್ಟೆ ಕಿಟಕಿಯ ಆ ತುದಿಯಿಂದ ಈ ತುದಿಗೆ ಬಂದು ಹಿಂದೆ ಸರಿಯಿತು. ಕಾನ್ವೆಂಟಿನ ಶಿಷ್ಟಾಚಾರ ಬಿಡಲಾಗದೆ ನಾನು ಕೈ ಬೀಸಿದೆ. ಅತ್ತೆ ಆರತಿಗೆ ಕೈ ಮುಗಿದರು.

"ಉಮಾ, ಮನಿ ಹಿಂದ ಉಳೀತು," ಎಂದರು.

"ಬ್ರೇಕ್ ಹಿಡೀವಲ್ಲವು ಅತ್ತಿ. ಅವು ಕಾಯಬೇಕು."

"ಎಷ್ಟೊತ್ತು ಕಾಯೂದು? ಕುಬಸಕ್ಕ ಹೊತ್ತಾಗ್ತದ."

ಹ್ಯಾಂಡ್ ಬ್ರೇಕ್ ಎಳಿ ಎಂದು ಹಿಂದಿನ ಗಂಟಿನೊಳಗಿಂದ ಯಜಮಾನರ ಧ್ವನಿ ಬಂತು. ಎಳೆಯಬಹುದಿತ್ತು. ಅದರ ಮೇಲೆ ಹೋಳಿಗೆಯ ಬುಟ್ಟಿ ಕೂತಿತ್ತು!

ಮುಂದೆ ರಸ್ತೆಯಂಚಿಗೆ ಸುನಂದಾಳ ಮನೆಯವರೇ ಒಣಗಲು ಹಾಕಿ ಗುಡ್ಡೆ ಮಾಡಿದ ಭತ್ತದ ರಾಶಿ. ದಿನಾ ಬೆಳಿಗ್ಗೆ ಪೇಪರಿನಲ್ಲಿ ರಾಶಿಫಲ ಓದುವ ನನಗೆ ಅಂದು ರಾಶಿಯೇ ಎದುರಿಗೆ ಬಂತು. ಕಾರು ಮೂತಿ ಹೂತು, ಲೈಟುಗಳವರೆಗೆ ಒಳಹೊಕ್ಕು, ಕಿಟಕಿಗಳಿಂದ ನಮ್ಮ ಮೇಲೆಲ್ಲ ಭತ್ತ ಎರಚಿಕೊಂಡು, ದೊಡ್ಡದೊಂದು ನಿಟ್ಟುಸಿರಿನೊಂದಿಗೆ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಚಕ್ರಗಳ ಹತ್ತಿರ ಸುಟ್ಟ ವಾಸನೆ. ನಿಂತ ಮೇಲೆ ಪ್ಯಾಡುಗಳು ಕಾದಿದ್ದವು!

ತೀನ್ ಕಂದೀಲಿನ ಎಮ್ಮೆಗಳೇ ಬ್ರೇಕನ್ನು ಮತ್ತೆ ಮತ್ತೆ ಒತ್ತಿಸಿ ಅವತ್ತು ಪ್ಯಾಡು ಕಾಯಿಸಿದ್ದವು, ಸೂರ್ಯನಲ್ಲ ಎಂದು ನನಗೆ ಹೊಳೆಯುವಷ್ಟರಲ್ಲಿ ಕೊಟ್ರೇಶ ಓಡಿ ಬಂದ. ಮಾತು ಮಾತೇ. ತಲೆಯ ಮೇಲಿನ ಭತ್ತ ಕೊಡವಿಕೊಂಡು ಕೀಲಿ ಮುಂದೆ ಚಾಚಿದೆ. ಅವನು ಎರಡೂ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ಬ್ಯಾಡ ಚಿಗವ್ವಾ. ಗಾಡಿ ನಿಮ್ಮಲ್ಲೇ ನಿಲ್ಲಲಿ."

ಗೆದ್ದೆ! ಸೀಟಿನ ಸಂದಿನಿಂದ ಒಂದೊಂದೇ ಅಂಗವಾಗಿ ಹೊರಬರುತ್ತಿದ್ದ ಯಜಮಾನರ ಕಡೆ ತಿರುಗಿದೆ.

"ಕೇಳಿದ್ರಿಲ್ಲ? ನಿಲ್ಲಸ್ತೀನಂತ ಅಂದಿದ್ದೆ."

ಹೋಳಿಗೆಯೊಳಗಿನ ಭತ್ತದ ಕಾಳು ಆರಿಸುತ್ತಿದ್ದ ಅತ್ತೆ ಉತ್ತರಿಸಿದರು.

"ಆತು ತಗೊ. ಈಗ ವಲಿ ಪಾಷಾಗ ಹೇಳಿ ಆ ಬಚ್ಚಲದ್ದ ಹಾಕಸು. ಅದರ ಮ್ಯಾಲೆ ಜಾರಿದ್ರೂ ನಾ ಬಚ್ಚಲದಾಗ ನಿಂತಿದ್ದೆ. ಹಿಂಗ ಮನಿ ದಾಟಿ ಹೋಗಿದ್ದಿಲ್ಲ."