ತೂಕ ಹಾಕಿದ ಹಾರ್ಡ್ ಡಿಸ್ಕ್

ತೂಕ-ಅಳತೆ ಇಲಾಖೆಯ ಇನ್ಸ್‌ಪೆಕ್ಟರಿಗೆ ಅನುಮಾನಪಡುವುದಕ್ಕೇ ಸಂಬಳ. ಕಷ್ಟವೇನೆಂದರೆ, ಮನೆಗೆ ಬಂದ ಮೇಲೂ ಅವರ ಡ್ಯೂಟಿ ಮುಗಿಯುತ್ತಿರಲಿಲ್ಲ. (ಪ್ಯಾಕೆಟ್ಟಿನ ಹಾಲನ್ನು ಅಳೆದು ಕಾಯಿಸುವ ಮನೆ ಅದೊಂದೇ ಇರಬೇಕು.) ಅಂಥ ಮನೆಯಲ್ಲಿ, ಹೆಂಡತಿ ಎಂಟು ವರ್ಷ ಕೂತು ಬರೆದ ಹೆಣಿಗೆ ವಿನ್ಯಾಸಗಳ ಪುಸ್ತಕವಿದ್ದ, ಗಂಡ ಹೆಂಡತಿ ಇಬ್ಬರೂ ಬಳಸುತ್ತಿದ್ದ ಹಾರ್ಡ್ ಡಿಸ್ಕ್ ಒಂದು ಬೆಳಿಗ್ಗೆ ಟಕ್ ಟಕ್ ಎಂದು ಪ್ರಾಣ ಬಿಟ್ಟಿತು. ಸೋಮವಾರ ಪುಸ್ತಕ ಮುದ್ರಣಾಲಯಕ್ಕೆ ಹೋಗಬೇಕಿತ್ತು. ಇನ್ನೊಂದು ಪ್ರತಿ ಇರಲಿಲ್ಲ. ಪ್ರತಿ ಮಾಡಿಟ್ಟರೆ ಕಳ್ಳರಿಗೆ ಎರಡು ಬಾಗಿಲು ತೆರೆದ ಹಾಗೆ ಎಂದು ಇನ್ಸ್‌ಪೆಕ್ಟರೇ ಬೇಡವೆಂದಿದ್ದರು.

"ರಿಪೇರಿ ಅಂಗಡಿಗೆ ಕೊಡೋಣ ರೀ," ಎಂದಳು ಹೆಂಡತಿ, ಕಣ್ಣಲ್ಲಿ ನೀರು ತುಂಬಿಕೊಂಡು.

"ಕೊಟ್ಟು? ನಾಳೆ ನಿನ್ನ ಸ್ವೆಟರೆಲ್ಲ ಇನ್ಯಾರದೋ ಹೆಸರಲ್ಲಿ ಅಚ್ಚಾಗ್ಲಿ ಅಂತಾನಾ? ನಾನೇ ನೋಡ್ತೀನಿ."

ನೋಡಿದರು. ಹನ್ನೊಂದು ಸಲ ವೈರು ಸಿಕ್ಕಿಸಿ ತೆಗೆದರು. ಅಂಗೈಯಲ್ಲಿ ತಟ್ಟಿದರು. ಯಾರೋ ಹೇಳಿದ್ದರೆಂದು ಚೀಲದಲ್ಲಿ ಸುತ್ತಿ ಫ್ರೀಜರಿನಲ್ಲಿಟ್ಟರು. ಟಕ್ ಟಕ್ ಸದ್ದು ಕರಕರ ಸದ್ದಾಗಿ ಬಡ್ತಿ ಪಡೆಯಿತು. ಅವರು ಸ್ಕ್ರೂಡ್ರೈವರ್ ಎತ್ತಿಕೊಂಡಾಗ ಹೆಂಡತಿ ಡಿಸ್ಕನ್ನು ಕಿತ್ತುಕೊಂಡು ಅಂಗಡಿಗೆ ಹೊರಟೇಬಿಟ್ಟಳು. ಇನ್ಸ್‌ಪೆಕ್ಟರು ತಕ್ಕಡಿ ಹಿಡಿದು ಹಿಂದೆ ಓಡಿದರು.

"ನೂರ ಎಪ್ಪತ್ತೊಂದು ಗ್ರಾಂ," ಎಂದು ಅಂಗಡಿಯಾಕೆಯ ಮೇಜಿನ ಮೇಲೆ ತೂಗಿ ತೋರಿಸಿದರು. "ರಸೀದಿಯಲ್ಲಿ ಬರೀರಿ. ಒಳಗಿಂದ ಏನಾದ್ರೂ ಕದ್ರೆ ಗೊತ್ತಾಗ್ಬೇಕಲ್ಲ."

"ಅಕ್ಷರಕ್ಕೆ ತೂಕ ಇರಲ್ಲ ಸಾರ್. ಮನೇಲಿ ಏನೇನು ಮಾಡಿದ್ರಿ, ಅದು ಹೇಳಿ."

"ಏನೂ ಇಲ್ಲ."

"ಫ್ರೀಜರಲ್ಲಿಟ್ಟಿದ್ರು," ಎಂದಳು ಹೆಂಡತಿ.

ಅಂಗಡಿಯಾಕೆ ತಲೆ ಮೇಲೆ ಕೈ ಹೊತ್ತಳು. "ಸದ್ದು ಕೇಳಿದ ತಕ್ಷಣ ಆಫ್ ಮಾಡಿ ಸುಮ್ನೆ ಬಿಟ್ಟಿದ್ರೆ ಸಾಕಿತ್ತು. ಈಗ ಗ್ಯಾರಂಟಿ ಇಲ್ಲ. ಸಿಕ್ಕಿದ್ದನ್ನ ಬೇರೆ ಡಿಸ್ಕಿಗೆ ಹಾಕಿ ಕೊಡ್ತೀನಿ."

"ಬೇರೆ ಡಿಸ್ಕಿಗಾ?" ಇನ್ಸ್‌ಪೆಕ್ಟರ ಹುಬ್ಬು ಗಂಟಾಯಿತು. "ಹಾಗಿದ್ರೆ ಪೂರ್ತಿ ಲೆಕ್ಕ ಬೇಕು. ಅಳಿಸಿದ ಫೈಲುಗಳೂ ಬೇಕು. ನನ್ನ ಹೆಂಡತಿ ಎದುರಿಗೇ ತೆರೆದು ತೋರಿಸ್ಬೇಕು."

"ಅಳಿಸಿದ್ದೂನಾ ಸಾರ್? ಯೋಚ್ನೆ ಮಾಡಿ ಹೇಳಿ."

"ಅಲ್ಲೇ ನಿಮ್ಮ ಕೈಚಳಕ ಇರೋದು! ಒಂದೂ ಬಿಡಬಾರದು."

ಮೂರನೆಯ ದಿನ ಹೋದರೆ ಹಳೆಯ ಡಿಸ್ಕಿನ ತೂಕ ಸರಿಯಾಗಿತ್ತು. ಪುಸ್ತಕವೂ ಪೂರ್ತಿ ಸಿಕ್ಕಿತ್ತು. ಹೆಂಡತಿ ಖುಷಿಯಿಂದ ಅಂಗಡಿಯಾಕೆಯ ಕೈ ಹಿಡಿದುಕೊಂಡಳು. ಕಳ್ಳತನ ಸಿಗದ ಬೇಸರದಲ್ಲಿ ಇನ್ಸ್‌ಪೆಕ್ಟರು, "ಅಳಿಸಿದ್ದು ತೋರ್ಸಿ," ಎಂದರು.

ಮೊದಲ ಫೈಲು ತೆರೆಯಿತು. ಅವರಿದ್ದ ಅಪಾರ್ಟ್‌ಮೆಂಟಿನ ವಸತಿ ಸಂಘದ ಸೂಚನೆ: 'ಅತಿಥಿಗಳು ಮೂರು ದಿನಕ್ಕಿಂತ ಹೆಚ್ಚು ಉಳಿಯುವಂತಿಲ್ಲ.' ಎರಡು ವರ್ಷದ ಹಿಂದೆ ಇದೇ ಸೂಚನೆ ಅವರ ಬಾಗಿಲಿಗೆ ಅಂಟಿದ್ದನ್ನು ನೋಡಿ, ಹೆಂಡತಿಯ ಅಕ್ಕ ಅಳುತ್ತಾ ಗಂಟುಮೂಟೆ ಕಟ್ಟಿದ್ದಳು. ಅಂದಿನಿಂದ ಹೆಂಡತಿ ಸಂಘದ ಕಾರ್ಯದರ್ಶಿಯ ಮುಖ ನೋಡಿರಲಿಲ್ಲ. ಎರಡನೆಯ ಫೈಲು ಅದರ ಹಳೆಯ ಕರಡು: 'ಅತಿಥಿಗಳು, ಮುಖ್ಯವಾಗಿ ಹೆಂಡತಿಯ ಅಕ್ಕಂದಿರು...'

ಅಂಗಡಿಯಾಕೆ ಮೆಲ್ಲಗೆ ಒಳಗೆ ಸರಿದಳು. ಹೆಂಡತಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ತೂಗಿ ನೋಡಿ, ಫೋನು ತೆಗೆದಳು.

"ಅಕ್ಕಾ, ಹೊರಟು ಬಾ. ಎಷ್ಟು ದಿನಕ್ಕಾ? ಸಂಘದವರೇ ಇಲ್ಲಿದ್ದಾರೆ, ಕೇಳು."

ಫೋನು ಇನ್ಸ್‌ಪೆಕ್ಟರ ಕಿವಿಗೆ ಬಂತು.

"ಎಷ್ಟು ದಿನ ಬೇಕಾದ್ರೂ ಇರಿ ಅಕ್ಕಾ," ಎಂದರು ಅವರು. "ಆ ನಿಯಮ... ಈಗಷ್ಟೇ ರದ್ದಾಯ್ತು."