ಜಪಾನಿನ ಮೀನೂ ಮನಗೂಳಿಯ ಕಾಕಾನೂ

ಕಿವಿರಿನ ಹಿಂದೆ ಒಂದು ಕಪ್ಪು ಚುಕ್ಕೆ. ಬೆನ್ನಿನ ರೆಕ್ಕೆಯ ಕೊನೆಯ ಕಡ್ಡಿ ಮಾತ್ರ ದಾರದಂತೆ ಉದ್ದವಾಗಿ ಬಾಲದ ಕಡೆಗೆ ಇಳಿದಿತ್ತು. ಅಷ್ಟನ್ನೇ ನೋಡಿ ಜಪಾನಿನ ಮೀನೊಂದರ ಕುಲಗೋತ್ರ ಹೇಳಿದವರು ಮನಗೂಳಿಯ ನಮ್ಮ ಕಾಕಾ. ಕೊರಳಲ್ಲಿ ಲಿಂಗ, ಹೊಟ್ಟೆಯಲ್ಲಿ ಜೋಳದ ರೊಟ್ಟಿ. ಜನ್ಮದಲ್ಲಿ ಮೀನು ಮುಟ್ಟಿದವರಲ್ಲ. ಆದರೂ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ತಾಲೂಕುಗಳಲ್ಲಿ ಜಪಾನಿನ ಮೀನಿನ ಬಗ್ಗೆ ಅವರಷ್ಟು ತಿಳಿದವರಿಲ್ಲವೆಂದು ಪಂಥ ಕಟ್ಟಬಲ್ಲೆ. ಪ್ರತಿಸ್ಪರ್ಧಿಗಳೇ ಇರಲಿಲ್ಲ ಎನ್ನುವುದು ಬೇರೆ ಮಾತು!

ಕಾಕಾ ಎತ್ತಿನ ಪರೀಕ್ಷೆಗೆ ಹೆಸರಾದವರು. ಸುತ್ತಲಿನ ಊರುಗಳಲ್ಲಿ ಯಾರೇ ಎತ್ತು ಕೊಳ್ಳಲಿ, ದನದ ಸಂತೆಗೆ ಅವರನ್ನು ಕರೆದೊಯ್ಯುತ್ತಿದ್ದರು. ಹಲ್ಲು, ಗೊರಸು, ಸುಳಿ ನೋಡಿ ಎತ್ತಿನ ವಯಸ್ಸು, ಗುಣ, ಮಾರುವವನ ಸುಳ್ಳು ಮೂರನ್ನೂ ಹೇಳಿಬಿಡುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ನಾನು ಓದಲೆಂದು ಜಪಾನಿನ ಒಂದು ಬಂದರಿನ ಊರಿಗೆ ಹೋದೆ. ಅಲ್ಲಿನ ಮೀನು ಮಾರುಕಟ್ಟೆಯ ಫೋಟೋ ಒಂದನ್ನು ಸುಮ್ಮನೆ ಕಾಕಾಗೆ ಕಳಿಸಿದೆ. ಮರುಟಪಾಲಿಗೆ ಪ್ರಶ್ನೆ ಬಂತು: "ಹಿಂದಿನ ಸಾಲಿನ್ಯಾಗ ಮೂರನೇದ್ದು ಯಾವ ಮೀನ?"

ಅಂಗಡಿಯ ಹಲಗೆಗಳ ಮೇಲಿನ ಕೈಬರಹ ನನಗೆ ಓದಲು ಬರುತ್ತಿರಲಿಲ್ಲ. ಗೊತ್ತಿಲ್ಲವೆಂದು ಬರೆದೆ. ಮುಗಿಯಿತು! ವಿಜಾಪುರದ ರದ್ದಿ ಅಂಗಡಿಯಿಂದ ರಟ್ಟು ಹರಿದ ಮೀನಿನ ಚಿತ್ರಪುಸ್ತಕವೊಂದು ಮನಗೂಳಿಗೆ ಬಂದು ಸೇರಿತು. ನನಗೆ ಆಜ್ಞೆಯಾಯಿತು: "ಎದುರಿಂದ ಒಂದು, ಮಗ್ಗಲಿಂದ ಒಂದು, ಬಾಯಿ ತಗದು ಒಂದು ಫೋಟೋ ಕಳಸು. ಉದ್ದ ಗೇಣಿನ್ಯಾಗ ಬರಿ."

ಮೀನಂಗಡಿಯಲ್ಲಿ ಗೇಣು ಹಾಕುತ್ತ, ಸತ್ತ ಮೀನಿನ ಬಾಯಿ ತೆರೆಯುತ್ತ ನಿಂತ ನನ್ನನ್ನು ಆ ಊರಿನವರು ಏನೆಂದುಕೊಂಡರೋ!

ಮೊದಲ ತೀರ್ಪು ಒಂದು ಚಪ್ಪಟೆ ಮೀನಿನ ಮೇಲೆ ಬಂತು. "ಎರಡೂ ಕಣ್ಣು ಒಂದ ಮಗ್ಗಲಿಗೆ ಅದಾವ. ಐಬು ಐತಿ. ಪುಕ್ಕಟ ಕೊಟ್ರೂ ತಗೋಬ್ಯಾಡ." ಆ ಜಾತಿಯ ಮೀನುಗಳೆಲ್ಲ ಹಾಗೆಯೇ ಇರುತ್ತವೆಂದು ಎರಡು ಪುಟ ವಿವರಿಸಿದೆ. ಉತ್ತರ ಒಂದೇ ಸಾಲು: "ಹಂಗಾದ್ರ ಇಡೀ ತಳಿಗೇ ಐಬು ಐತಿ!"

ಕಾಕಾಗೆ ನಾನು ಬರೆಯದ ಒಂದು ವಿಷಯವಿತ್ತು. ಮೀನಿನ ಸೋಂಕಿಲ್ಲದ ಸಾರು ಆ ಊರಿನಲ್ಲಿ ಸಿಗುವುದೇ ಕಷ್ಟ. ಮೊದಲ ಚಳಿಗಾಲದಲ್ಲೇ ನಾನು ಮೀನು ತಿನ್ನಲು ಕಲಿತಿದ್ದೆ. ಯಾವುದನ್ನು ಕೊಳ್ಳಬೇಕೆಂದು ಕಾಕಾನ ಪತ್ರ ನೋಡಿಯೇ ನಿರ್ಧರಿಸುತ್ತಿದ್ದೆ. ಮನೆಗೆ ಮಾತ್ರ, ಬರೀ ನೋಡಲು ಹೋಗುತ್ತೇನೆಂದು ಬರೆದಿದ್ದೆ. ಅವ್ವನಿಗೆ ತಿಳಿದರೆ ಅವಳು ಬೈಯುವವಳಲ್ಲ. ಸದ್ದಿಲ್ಲದೆ ನನ್ನ ತಟ್ಟೆಯನ್ನು ಬೇರೆ ಇಡುವವಳು. ಅದನ್ನು ನೆನೆದರೆ ತುತ್ತು ಇಳಿಯುತ್ತಿರಲಿಲ್ಲ. (ಆದರೂ ಇಳಿಸುತ್ತಿದ್ದೆ.)

ಕಪ್ಪು ಚುಕ್ಕೆಯ ಮೀನಿನ ಫೋಟೋ ಕಳಿಸುವಾಗ ಕೊನೆಗೆ ಒಂದು ಸಾಲು ಸೇರಿಸಿದೆ: ಇದರಲ್ಲಿ ಮುಳ್ಳು ಬಹಳವೇ? ಹಿಂದಿನ ವಾರ ಒಂದು ನನ್ನ ಗಂಟಲಿಗೆ ಸಿಕ್ಕಿದ್ದನ್ನು ಬರೆಯಲಿಲ್ಲ.

ಮೂರು ವಾರದ ಮೇಲೆ ಕಾಕಾನ ಪತ್ರ ಬಂತು. "ಹಿಲ್ಸಾ ಮೀನದ ದಾಯಾದಿ ಐತಿ. ಚುಕ್ಕಿ, ದಾರ ಎರಡೂ ಪುಸ್ತಕದಾಗ ಸಿಕ್ಕಾವ. ಮುಳ್ಳಿನ ಸುದ್ದಿ ಬರದಿಲ್ಲ. ಅದಕ್ಕ ಬಸ್ ಹತ್ತಿ ಮುದ್ದೇಬಿಹಾಳಕ್ಕ, ಮೀನ ಮಾರೂ ಹುಸೇನಬಿ ಕಡೆ ಹೋಗಿದ್ದೆ." ಮುಂದಿನ ಮಾತುಕತೆಯನ್ನು ಪಂಚನಾಮೆಯಂತೆ ಬರೆದಿದ್ದರು:

"ಏನ್ರಿ ಗೌಡ್ರ, ಲಿಂಗಾ ಕಟ್ಕೊಂಡು ಮೀನ ಬಾಜಾರಕ್ಕ?"

"ತಗೊಳ್ಳಾಕ ಅಲ್ಲವಾ, ಗುರ್ತ ಹಿಡ್ಯಾಕ."

"ಯಾಕ್ರಿ, ನಿಮ್ಮ ಮೀನೇನರ ಕಳುವಾಗೇತೇನು?"

ಫೋಟೋ ನೋಡಿ ಹುಸೇನಬಿ ಹೇಳಿದಳಂತೆ: "ಇದನ್ನ ನಾ ಕಂಡಿಲ್ರಿ. ಆದ್ರ ಇಂಥಾ ಮೈಯಾಗ ಕೂದಲದಂಥ ಮುಳ್ಳು ಇರ್ತಾವ. ಮೈಮ್ಯಾಲ ಅಡ್ಡಡ್ಡ ಸಣ್ಣಗ ಕೊಯ್ದು ಹುರೀಬೇಕು. ತಿನ್ನಾವರು ಯಾರ್ರಿ?"

ಅದರ ಕೆಳಗೆ ಕಾಕಾನ ಬರಹ ಸ್ವಲ್ಪ ದಪ್ಪವಾಗಿತ್ತು. "ನಾನ ತಿನ್ನಾವ ಅಂದೆ. ಅಕಿ ನಕ್ಕೋತ ಇಡೀ ಬಾಜಾರಕ್ಕ ಹೇಳಿದ್ಲು. ಈಗ ಮುದ್ದೇಬಿಹಾಳದಾಗ ನಾ ಮೀನ ತಿನ್ನೂ ಗೌಡ. ಇರಲಿ. ಮಗಳ, ಸಂತ್ಯಾಗ ಹಲ್ಲು ಕೇಳಾವ ಬರೇ ನೋಡಾಕ ಬಂದಿರೂದಿಲ್ಲ. ನೀ ಮುಳ್ಳು ಕೇಳಿದಿ. ನಿಧಾನ ತಿನ್ನು. ನಿಮ್ಮವ್ವಗ ನಾ ಏನೂ ಹೇಳಿಲ್ಲ."

ಮರುದಿನ ಬೆಳಗ್ಗೆ ಮಾರುಕಟ್ಟೆಗೆ ಹೋಗಿ ಕಪ್ಪು ಚುಕ್ಕೆಯ ಮೀನು ತಂದೆ. ಅಡ್ಡಡ್ಡ ಸಣ್ಣಗೆ ಕೊಯ್ದು ಹುರಿದು, ನಿಧಾನವಾಗಿ ತಿಂದೆ. ಆಮೇಲೆ ಮುಳ್ಳಷ್ಟೇ ಉಳಿದ ತಟ್ಟೆಯ ಫೋಟೋ ತೆಗೆದೆ, ಕಾಕಾಗೆ ಕಳಿಸಲು. ಎದುರಿಂದ ಒಂದು, ಮಗ್ಗಲಿಂದ ಒಂದು.