ನಮ್ಮ ಮಗುವಿಗೆ ಹದಿನಾರು ವರ್ಷ

ಮಾನ್ಯ ಸೂರುಮಿತ್ರರೇ,

ನಮ್ಮ ಬ್ಯಾಂಕಿನ ಮೊಬೈಲ್ ಆ್ಯಪಿನೊಳಗೆ ಹಗಲಿರುಳೂ ಎಚ್ಚರವಾಗಿದ್ದು, ಯಾರ ಮನೆಯಲ್ಲಿ ಎಷ್ಟು ಉಳಿಯುತ್ತದೆ, ಯಾರಿಗೆ ಎಷ್ಟು ಗೃಹಸಾಲ ಕೊಡಬಹುದು ಎಂದು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಹೇಳಿಬಿಡುವ ಲೆಕ್ಕಯಂತ್ರರಾದ ತಮಗೆ ಚಾಮರಾಜಪೇಟೆಯ ಆಂಡಾಳ್ ಬದರೀನಾರಾಯಣ ಮಾಡುವ ಅನಂತ ನಮಸ್ಕಾರಗಳು. ತಮಗೆ ಊಟ, ನಿದ್ದೆ, ಮಕ್ಕಳು ಯಾವುದೂ ಇಲ್ಲದ್ದರಿಂದ ಕ್ಷೇಮವಾಗಿಯೇ ಇರುತ್ತೀರೆಂದು ನಂಬಿದ್ದೇನೆ.

ನಮ್ಮದು ಒಂದೇ ಮಲಗುವ ಕೋಣೆಯ ಮನೆ. ಅದಕ್ಕೆಂದು ತಮ್ಮ ಬ್ಯಾಂಕಿನಲ್ಲೇ ಮಾಡಿದ ಸಾಲವೇ ಇನ್ನೂ ತೀರಿಲ್ಲ. ಮಗಳು ತನ್ಮಯಿ ಪಿಯುಸಿಗೆ ಬಂದಿದ್ದಾಳೆ. ನಡುಮನೆಯ ಮೂಲೆಗೆ ನನ್ನ ಹಳೇ ಸೀರೆಯ ಪರದೆ ಕಟ್ಟಿಕೊಂಡು ಅದರ ಹಿಂದೆ ಓದುತ್ತಾಳೆ, ಅಲ್ಲೇ ಮಲಗುತ್ತಾಳೆ. ಅವಳಿಗೆ ಬಾಗಿಲಿರುವ ಒಂದು ಕೋಣೆ ಬೇಕೆಂದು, ಈ ಮನೆ ಮಾರಿ ಗಾಂಧಿ ಬಜಾರಿನ ಹಿಂದೆ ಎರಡು ಕೋಣೆಯ ಫ್ಲಾಟ್ ಕೊಳ್ಳಲು ದೊಡ್ಡ ಸಾಲ ಬೇಡಿ ತಮ್ಮ ಪಾದಕ್ಕೆ ಬಂದೆವು. ಕನ್ನಡಾಭಿಮಾನಿಗಳಾದ ನನ್ನ ಯಜಮಾನರು ಎದೆಯುಬ್ಬಿಸಿ ತಮ್ಮ ಕನ್ನಡ ಆವೃತ್ತಿಯನ್ನೇ ತೆರೆದರು. ಮನೆಯಲ್ಲಿ ಯಾರ್‍ಯಾರಿದ್ದಾರೆಂದು ಕೇಳಿ ತಾವು 'ಹಿರಿಯರು', 'ವಿದ್ಯಾರ್ಥಿ', 'ಮಗು' ಎಂಬ ಗುಂಡಿಗಳನ್ನು ತೋರಿಸಿದಿರಿ. ನಮ್ಮಲ್ಲಿ ಇಂದಿಗೂ "ಮಗು ಎದ್ದಿತಾ?", "ಮಗು ಊಟ ಮಾಡ್ತಾ?" ಎಂದೇ ವಿಚಾರಿಸುವುದು. ಅವಳನ್ನು ವಿದ್ಯಾರ್ಥಿ ಎನ್ನುವವರು ಕಾಲೇಜಿನ ಪ್ರಾಂಶುಪಾಲರು ಮಾತ್ರ, ಅದೂ ಬೈಯುವಾಗ. ಇವರು 'ಮಗು' ಒತ್ತಿದರು.

ಆಮೇಲೆ ತಾವು ಸಿದ್ಧಪಡಿಸಿದ ತಿಂಗಳ ಖರ್ಚಿನ ಅಂದಾಜನ್ನು ಹೇಗೆ ಹೊಗಳಲಿ? ಗಂಜಿಪುಡಿ, ಹಾಲು, ಲಸಿಕೆ, ಹಲ್ಲು ಬರುವಾಗ ಕಚ್ಚಲು ಒಂದು ರಬ್ಬರ್ ಬಳೆ. ನಮ್ಮ ಮಗುವಿಗೆ ಹಲ್ಲು ಬಂದಾಗಿ, ಅವು ದಾರಿ ತಪ್ಪಿ, ಈಗ ಮಲ್ಲೇಶ್ವರದ ದಂತವೈದ್ಯರೊಬ್ಬರು ತಂತಿ ಕಟ್ಟಿ ಸಾಲಿಗೆ ಎಳೆದು ತರುತ್ತಿದ್ದಾರೆ. ಅವರು ಹೇಳಿದ ದರ ಕೇಳಿದರೆ ಆ ತಂತಿ ಚಿನ್ನದ್ದೇ ಇರಬೇಕೆಂದು ನನ್ನ ಗುಮಾನಿ. ಟ್ಯೂಷನ್, ತಿಂಗಳು ಮುಗಿಯುವ ಮೊದಲೇ ಮುಗಿಯುವ ಡೇಟಾ, ಊಟ ಮಾಡಿ ಕೈ ಒಣಗುವ ಮುಂಚೆ ತರಿಸುವ ಪನೀರ್ ರೋಲು, ಇವುಗಳ ಸುದ್ದಿಯೇ ತಮ್ಮಲ್ಲಿಲ್ಲ. ಇಷ್ಟು ಕಡಿಮೆಯಲ್ಲಿ ಸಂಸಾರ ತೂಗಿಸುವ ಪುಣ್ಯಾತ್ಮರೆಂದು ಮೆಚ್ಚಿ, ಕೇಳಿದ್ದಕ್ಕಿಂತ ಹೆಚ್ಚೇ ಸಾಲ ಮಂಜೂರು ಮಾಡಿದಿರಿ. ಅಂದಾಜನ್ನು ಓದುವ ಗೋಜಿಗೆ ಹೋಗದೆ ನಾವೂ ಹಿಗ್ಗಿದೆವು.

ಸಹಿ ಹಾಕಲು ಮೂವರೂ ಶಾಖೆಗೆ ಹೋದಾಗ ಅಧಿಕಾರಿ ಸಂಕರ್ಷಣ ಅವರು ಕಂಪ್ಯೂಟರ್ ನೋಡಿ, ನಮ್ಮನ್ನು ನೋಡಿ, "ಮಗೂನ ಯಾರ ಹತ್ರ ಬಿಟ್ಟು ಬಂದ್ರಿ ಮೇಡಂ?" ಎಂದರು. ಅವರಿಗಿಂತ ಗೇಣುದ್ದ ಎತ್ತರದ ಮಗು ಕೈ ಎತ್ತಿತು. ಅವರು ಪಾಪ ನಕ್ಕು, 'ಮಗು' ಇದ್ದಲ್ಲಿ 'ವಿದ್ಯಾರ್ಥಿ' ಎಂದು ತಿದ್ದಿದರು. ತಿದ್ದಿದ್ದೇ ತಡ, ತಾವು ಸಾಲವನ್ನು ಕತ್ತರಿಸಿದಿರಿ. ಎರಡನೇ ಕೋಣೆ ಅಲ್ಲಿಗೆ ಕೈತಪ್ಪಿತು. ಅರ್ಜಿಯ ಜೊತೆ ನಾವು ಕಟ್ಟಿದ್ದ ಸಂಸ್ಕರಣಾ ಶುಲ್ಕವನ್ನು ಮಾತ್ರ ಹಿಂದಿರುಗಿಸುವ ಪದ್ಧತಿ ಇಲ್ಲವಂತೆ, ತಮ್ಮಲ್ಲೇ ಸುಖವಾಗಿದೆ.

ವಾಪಸು ಬರುವಾಗ ಆಟೋದಲ್ಲಿ ತನ್ಮಯಿ, "ಇರ್ಲಿ ಬಿಡಮ್ಮ, ನಂಗೆ ರೂಮೇನೂ ಬೇಡ, ಪರದೆನೇ ಸಾಕು," ಎಂದಳು. ಒಂದು ಜೊತೆ ಚಪ್ಪಲಿಗೆ ವಾರವಿಡೀ ಹಟ ಹಿಡಿಯುವ ಹುಡುಗಿ ಹಾಗೆಂದದ್ದು ಇದೇ ಮೊದಲು. ಅವಳು ಕೇಳಿ ನಾವು ಇಲ್ಲವೆನ್ನುವುದು ಹೊಸದಲ್ಲ, ಆದರೆ ಅವಳು ಕೇಳುವುದನ್ನೇ ಬಿಟ್ಟರೆ ನನಗೆ ತಡೆಯದು.

ಆದ್ದರಿಂದ ತಮ್ಮಲ್ಲಿ ಸವಿನಯ ಕೋರಿಕೆ. 'ಮಗು' ಗುಂಡಿಯ ಪಕ್ಕದಲ್ಲಿ 'ಬೆಳೆದ ಮಗು' ಎಂಬ ಇನ್ನೊಂದನ್ನು ದಯಮಾಡಿ ಇಡಿಸಬೇಕು. ಆಗದಿದ್ದರೆ ಒಂದು ಭಾನುವಾರ ಬೆಳಿಗ್ಗೆ ತಾವೇ ನಮ್ಮ ಮನೆಗೆ ಬಿಜಯಂಗೈದು, ಅವಳು ತಿನ್ನುವ ದೋಸೆಗಳನ್ನು ಎಣಿಸಿ, ಕೆಟ್ಟುಹೋಗದೆ ಹಿಂತಿರುಗಬೇಕು. ಅದೂ ಕಷ್ಟವೆಂದರೆ, ತಮ್ಮ ಅಂದಾಜಿಗೆ ಹೊಂದುವಂತೆ ಅವಳನ್ನು ಎಂಟು ತಿಂಗಳ ಕೂಸಾಗಿ ಮಾಡಿಕೊಡಬೇಕು. ಎತ್ತಿಕೊಳ್ಳಲು ನನ್ನ ಸೊಂಟ ಇನ್ನೂ ಗಟ್ಟಿಯಾಗಿದೆ.

ಸಾಲ ಮಾತ್ರ ಬೇಡ. ಮೊನ್ನೆ ನಾವು ಗಂಡ ಹೆಂಡತಿ ನಮ್ಮ ಹಾಸಿಗೆ ಸುತ್ತಿಕೊಂಡು ನಡುಮನೆಗೆ ಬಂದೆವು. ಇದ್ದ ಒಂದು ಕೋಣೆ ಅವಳದಾಯಿತು. ಈ ಉಪಾಯಕ್ಕೆ ತಮ್ಮಲ್ಲಿ ಗುಂಡಿ ಇರಲಿಲ್ಲ.

ಹಳೆಯ ಸಾಲದ ಮಟ್ಟಿಗೆ ಮಾತ್ರ ತಮ್ಮ ವಿಶ್ವಾಸಿ,
ಆಂಡಾಳ್ ಬದರೀನಾರಾಯಣ

ತಾ.ಕ.: ಕೋಣೆಯ ಬಾಗಿಲ ಮೇಲೆ ಈಗ "ತಟ್ಟಿ ಬನ್ನಿ" ಎಂಬ ಚೀಟಿ ಅಂಟಿದೆ. ತಟ್ಟಿದ ಮೇಲೆ ಒಪ್ಪಿಗೆ ಬರಲು ತಮಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಶುಲ್ಕವಾಗಿ ಚಕ್ಕುಲಿ ಒಯ್ಯಬೇಕು. ತಮ್ಮ ಹಾಗೆ ಅವಳೂ ಅದನ್ನು ಹಿಂದಿರುಗಿಸುವುದಿಲ್ಲ, ಆದರೆ ಬಾಗಿಲು ತೆರೆಯುತ್ತಾಳೆ.